ಪಥ್ಯವೂ ಕರುಳಿನ ಜೀವಾಣುಗಳೂ

ಮೈ ಇಳಿಸುವ ಪಥ್ಯಗಳಿಗೆ ಈಗ ಬರವಿಲ್ಲ. ಅನ್ನವನ್ನು ಬಿಡಬೇಕೆನ್ನುವವರು ಕೆಲವರು. ಎಣ್ಣೆ ತುಪ್ಪಗಳನ್ನು ಬಿಡಬೇಕೆನ್ನುವವರು ಕೆಲವರು. ಊಟವನ್ನೇ ತೊರೆದು ಪುಡಿ ಕಲಸಿದ ನೀರನ್ನು ಕುಡಿಯಿರೆನ್ನುವವರು ಮತ್ತೆ ಕೆಲವರು. ಇವರಲ್ಲಿ ಮತಭೇದ ಎಷ್ಟೇ ಇದ್ದರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿದೆ. ತೂಕದ ಯಂತ್ರದ ಮುಳ್ಳು ಹಿಂದೆ ಸರಿದರೆ ಪಥ್ಯ ಗೆದ್ದಿತು, ಸರಿಯದಿದ್ದರೆ ಸೋತಿತು! ಈ ಅಳತೆಗೋಲು ಅರ್ಧ ಮಾತ್ರ ಸರಿಯಾದದ್ದು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ನಾವು ಉಣ್ಣುವ ಊಟಕ್ಕೆ ನಾವಷ್ಟೇ ಪಾಲುದಾರರಲ್ಲ.

ದೊಡ್ಡ ಕರುಳು ಬರಿಯ ಕಸದ ಕಾಲುವೆಯಲ್ಲ; ಅದೊಂದು ಜನನಿಬಿಡವಾದ ಊರು. 70 ಕಿಲೋಗ್ರಾಂ ತೂಗುವ ಗಂಡಸಿನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆಯೆಂದೂ ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ ಎಂದೂ 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿದರು. ಇವುಗಳಲ್ಲಿ ಬಹುಪಾಲು ನೆಲಸಿರುವುದು ದೊಡ್ಡ ಕರುಳಿನಲ್ಲಿಯೇ. ಕಾಳು, ಸೊಪ್ಪು, ಹಣ್ಣು, ತೌಡು ತೆಗೆಯದ ಧಾನ್ಯ ಮೊದಲಾದವುಗಳಲ್ಲಿರುವ ನಾರನ್ನು ಅರಗಿಸಬಲ್ಲ ಕಿಣ್ವಗಳು ನಮ್ಮಲ್ಲಿಲ್ಲ. ನಮಗೆ ದಕ್ಕದ ಆ ನಾರೇ ಈ ಜೀವಾಣುಗಳ ಆಹಾರ. ಅವು ಅದನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಉತ್ಪತ್ತಿ ಮಾಡುತ್ತವೆ. ಬ್ಯುಟಿರಿಕ್ ಆಮ್ಲವಂತೂ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ಇವು ಉಂಡ ಮನೆಗೆ ತಪ್ಪದೆ ಗೇಣಿ ಸಲ್ಲಿಸುವ ಒಕ್ಕಲು ಎನ್ನಬಹುದು.

ಬೊಜ್ಜಿಗೂ ಈ ಒಕ್ಕಲಿಗೂ ನಂಟುಂಟೆಂಬ ಸಂಗತಿ ಲೋಕದ ಗಮನವನ್ನು ಸೆಳೆದದ್ದು 2006ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಜೆಫ್ರಿ ಗಾರ್ಡನ್ ಮತ್ತು ಅವರ ಸಂಗಡಿಗರು 12 ಮಂದಿ ಸ್ಥೂಲಕಾಯರನ್ನು ಒಂದು ವರ್ಷ ಪಥ್ಯದಲ್ಲಿಟ್ಟರು. ಕೆಲವರಿಗೆ ಕೊಬ್ಬನ್ನೂ ಉಳಿದವರಿಗೆ ಶರ್ಕರಪಿಷ್ಟಗಳನ್ನೂ ಕಡಿಮೆ ಮಾಡಲಾಯಿತು. ತೂಕ ಇಳಿದಂತೆಲ್ಲ ಅವರ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಟೀಸ್ ಎಂಬ ಪಂಗಡ ಹೆಚ್ಚಿತು, ಫರ್ಮಿಕ್ಯೂಟೀಸ್ ಎಂಬ ಪಂಗಡ ತಗ್ಗಿತು. ಬೊಜ್ಜಿನ ಬೀಗದ ಕೈ ಸಿಕ್ಕಿತೆಂದು ಹಲವರು ಹಿಗ್ಗಿದರು. ಆದರೆ 2008ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ರೋವೆಟ್ ಸಂಸ್ಥೆಯವರು ಪರೀಕ್ಷಿಸಿ ನೋಡಿದಾಗ ತೂಕಕ್ಕೂ ಬ್ಯಾಕ್ಟೀರಾಯ್ಡಿಟೀಸ್ ಪಂಗಡದ ಪ್ರಮಾಣಕ್ಕೂ ಅಂಥ ಸಂಬಂಧ ಕಂಡುಬರಲಿಲ್ಲ. ಹನ್ನೆರಡು ಜನರಲ್ಲಿ ಕಂಡದ್ದು ಮನುಕುಲದ ನಿಯಮವಾಗಿಬಿಡುವುದಿಲ್ಲವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಅದೇ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. 19 ಮಂದಿ ಸ್ಥೂಲಕಾಯರು ಮೂರು ಬಗೆಯ ಆಹಾರಗಳನ್ನು ಸೇವಿಸಿದರು. ಮೊದಲನೆಯದರಲ್ಲಿ ದಿನಕ್ಕೆ ಸುಮಾರು 400 ಗ್ರಾಂ ಶರ್ಕರಪಿಷ್ಟವಿದ್ದಿತು. ತೂಕ ಇಳಿಸುವ ಉಳಿದೆರಡು ಪಥ್ಯಗಳಲ್ಲಿ ಸಸಾರಜನಕವನ್ನು ಹೆಚ್ಚಿಸಿ, ಶರ್ಕರಪಿಷ್ಟವನ್ನು ಒಂದರಲ್ಲಿ 164 ಗ್ರಾಮಿಗೂ ಮತ್ತೊಂದರಲ್ಲಿ ಕೇವಲ 24 ಗ್ರಾಮಿಗೂ ಇಳಿಸಲಾಗಿತ್ತು. ಈ ಕೊನೆಯ ಪಥ್ಯದಲ್ಲಿ ಬ್ಯುಟಿರಿಕ್ ಆಮ್ಲದ ಸಾಂದ್ರತೆ ಸುಮಾರು ನಾಲ್ಕನೆಯ ಒಂದಂಶಕ್ಕೆ ಕುಸಿಯಿತು. ಅದನ್ನು ತಯಾರಿಸುವ ಬ್ಯಾಕ್ಟೀರಿಯಗಳೂ ಕ್ಷೀಣಿಸಿದವು. ತೂಕದ ಯಂತ್ರವನ್ನಷ್ಟೇ ನೋಡುವವನಿಗೆ ಈ ನಷ್ಟ ಕಾಣುವುದೇ ಇಲ್ಲ.

ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದೇ ಎಚ್ಚರವನ್ನು ಹೇಳುತ್ತದೆ. ಅತಿಭಾರವುಳ್ಳ, ಮುಟ್ಟು ನಿಂತ ಮಹಿಳೆಯರನ್ನು ಎಂಟು ವಾರ ದಿನಕ್ಕೆ ಸುಮಾರು 800 ಕ್ಯಾಲರಿಗಳ ದ್ರವಾಹಾರದಲ್ಲಿರಿಸಿದಾಗ ಅವರ ತೂಕವೇನೋ ಇಳಿಯಿತು. ಪಥ್ಯ ಮುಗಿದಾಗಿನ ಅವರ ಕರುಳಿನ ಜೀವಾಣುಗಳನ್ನು ಇಲಿಗಳಿಗೆ ಕೊಟ್ಟಾಗ ಆ ಇಲಿಗಳೂ ಬಡಕಲಾದವು. ಆದರೆ ಇದರ ಜೊತೆಗೇ ತೀವ್ರವಾದ ಭೇದಿಯನ್ನು ತರಬಲ್ಲ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ ತಲೆಯೆತ್ತಿತ್ತು. ಆ ಮಹಿಳೆಯರು ರೋಗಕ್ಕೆ ತುತ್ತಾದರೆಂದು ಇದರ ಅರ್ಥವಲ್ಲ. ಊರಿನ ಒಕ್ಕಲು ಹಸಿದು ಚದುರಿದಾಗ ಕಳ್ಳನಿಗೆ ದಾರಿ ಸುಗಮವಾಗುತ್ತದೆಂಬುದಷ್ಟೇ ಇದರ ತಾತ್ಪರ್ಯ.

ಹಾಗೆಂದು ಭೀತಿಗೊಳ್ಳುವುದೂ ಸಲ್ಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಕೊಬ್ಬು ಕಡಿಮೆಯಾದ ಪಥ್ಯವನ್ನೂ ಶರ್ಕರಪಿಷ್ಟ ಕಡಿಮೆಯಾದ ಪಥ್ಯವನ್ನೂ ಒಂದು ವರ್ಷ ಹೋಲಿಸಿ ನೋಡಿದರು. ಮೂರು ತಿಂಗಳಲ್ಲಿ ಮಾರ್ಪಟ್ಟಿದ್ದ ಜೀವಾಣುಸಮೂಹ ವರ್ಷದ ಕೊನೆಗೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಿತ್ತೆಂದು 2020ರಲ್ಲಿ ವರದಿ ಮಾಡಿದರು. ತೂಕ ಇಳಿದಿದ್ದರೂ ಒಕ್ಕಲು ತನ್ನ ಹಳೆಯ ಕಟ್ಟಳೆಗೇ ಹಿಂದಿರುಗಿತ್ತು. ಇದು ಒಂದು ಬಗೆಯಲ್ಲಿ ಸಮಾಧಾನ. ಇನ್ನೊಂದು ಬಗೆಯಲ್ಲಿ ಎಚ್ಚರಿಕೆ. ಕೆಲವೇ ದಿನಗಳಲ್ಲಿ ಕರುಳನ್ನು ಹೊಸದಾಗಿ ಮಾಡಿಕೊಡುವೆವೆಂದು ಗುಳಿಗೆ, ಪುಡಿಗಳನ್ನು ಮಾರುವವರ ಮಾತನ್ನು ಇದು ಕೇಳಿದೊಡನೆ ನಂಬದಂತೆ ಮಾಡುತ್ತದೆ.

ಬೊಜ್ಜು ಮಧುಮೇಹ, ಹೃದ್ರೋಗಗಳಿಗೆ ದಾರಿ ಮಾಡುವುದರಿಂದ ತೂಕ ಇಳಿಸುವುದೇ ಮೊದಲ ಕೆಲಸ, ಜೀವಾಣುಗಳ ಯೋಗಕ್ಷೇಮ ಆಮೇಲಿನದು ಎಂದು ವಾದಿಸುವವರುಂಟು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಕಠಿಣ ಪಥ್ಯ ಅವಶ್ಯವಾದ ರೋಗಿಗಳೂ ಇದ್ದಾರೆ. ನಾವು ವಿರೋಧಿಸುವುದು ತೂಕ ಇಳಿಸುವುದನ್ನಲ್ಲ, ಇಳಿದ ತೂಕವೊಂದನ್ನೇ ಆರೋಗ್ಯವೆಂದು ಬಗೆಯುವುದನ್ನು. ಆಹಾರದ ಒಟ್ಟು ಮೊತ್ತವನ್ನು ತಗ್ಗಿಸುವಾಗಲೂ ಕಾಳು, ಸೊಪ್ಪು, ರಾಗಿಯಂಥ ನಾರುಳ್ಳ ಪದಾರ್ಥಗಳನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ಸಕ್ಕರೆಯನ್ನೂ ಹುರುಳಿಕಾಳನ್ನೂ ಒಂದೇ ಪಟ್ಟಿಗೆ ಸೇರಿಸಿ ಎರಡನ್ನೂ ಬಹಿಷ್ಕರಿಸುವುದು ಅವಿವೇಕ.

ವಿದ್ಯಾರ್ಥಿಗಳಿಗೆ ಈ ಮಾತನ್ನು ಹೇಳಲು ಕಾರಣವುಂಟು. ಗೆಳೆಯರ ಮೂದಲಿಕೆಗೋ ಕನ್ನಡಿಯ ಮೋಹಕ್ಕೋ ಸಿಕ್ಕಿ, ಯಾರ ಸಲಹೆಯನ್ನೂ ಕೇಳದೆ ಊಟ ಬಿಡುವವರು ಅವರ ವಯಸ್ಸಿನಲ್ಲಿ ಇದ್ದೇ ಇರುತ್ತಾರೆ. ಬೆಳೆಯುವ ದೇಹವನ್ನು ಹೀಗೆ ದಂಡಿಸುವುದು ಪೌರುಷವೂ ಅಲ್ಲ, ವಿಜ್ಞಾನವೂ ಅಲ್ಲ. ದಪ್ಪನಾದವನನ್ನು ಹೊಟ್ಟೆಬಾಕನೆಂದು ಹಳಿಯುವುದೂ ಅಷ್ಟೇ ಅನ್ಯಾಯ. ಆನುವಂಶಿಕತೆ, ಆಹಾರ, ನಿದ್ರೆ, ದುಡಿಮೆ ಇವೆಲ್ಲವೂ ಸೇರಿ ದೇಹದ ತೂಕವನ್ನು ನಿರ್ಧರಿಸುತ್ತವೆ. ಯಾವ ಪಥ್ಯವನ್ನಾದರೂ ಹೊಗಳುವವರನ್ನು ಕಂಡಾಗ ಎಷ್ಟು ಕಿಲೋ ಇಳಿಯಿತೆಂದು ಕೇಳುವುದರ ಜೊತೆಗೆ, ತಟ್ಟೆಯಲ್ಲಿ ಕಾಳು ಸೊಪ್ಪುಗಳು ಉಳಿದಿವೆಯೇ, ಎಷ್ಟು ಜನರನ್ನು ಎಷ್ಟು ಕಾಲ ಪರೀಕ್ಷಿಸಿ ಈ ಮಾತನ್ನು ಹೇಳಲಾಗಿದೆ ಎಂದೂ ಕೇಳುವುದನ್ನು ನಮ್ಮ ತರುಣರು ರೂಢಿಸಿಕೊಳ್ಳಲಿ.