ಕೌಶಲವೆಂಬ ಮುಸುಕು

ಜೂಜು ಇಂದು ಹೊಸ ವೇಷ ತೊಟ್ಟು ನಮ್ಮ ಮನೆಗಳೊಳಗೆ ಬಂದಿದೆ. ಇಸ್ಪೀಟು, ಮಟ್ಕಾ, ಲಾಟರಿಗಳ ಹೆಸರು ಕೇಳಿದರೆ ನಮ್ಮ ಯುವಕರು ಇಂದಿಗೂ ದೂರ ಸರಿಯುತ್ತಾರೆ. ಅವು ಹರಾಮ್ ಎಂಬುದನ್ನು ಮದ್ರಸದ ಮೊದಲ ದಿನಗಳಲ್ಲೇ ಕಲಿತವರು ಅವರು. ಆದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ ಸರಣಿಗಳು ಆರಂಭವಾದೊಡನೆ ಅದೇ ಯುವಕರಲ್ಲಿ ಕೆಲವರು ಫ್ಯಾಂಟಸಿ ತಂಡ ಕಟ್ಟುತ್ತಾರೆ, ಅದರ ಮೇಲೆ ಹಣ ಹೂಡುತ್ತಾರೆ, ಯಾವ ಆಟಗಾರನನ್ನು ಯಾರು ತಡೆದಾರು ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಅವರ ಮುಖದಲ್ಲಿ ಯಾವ ಅಳುಕೂ ಕಾಣದು. ಕೇಳಿದರೆ ಉತ್ತರ ಸಿದ್ಧವಾಗಿದೆ: ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ, ನಾವು ಜೂಜಾಡುತ್ತಿಲ್ಲ, ಅಧ್ಯಯನ ಮಾಡುತ್ತಿದ್ದೇವೆ.

ಈ ಉತ್ತರವನ್ನು ನಾವು ಗಂಭೀರವಾಗಿಯೇ ಪರಿಶೀಲಿಸಬೇಕು. ಗದರಿಸಿ ಬಾಯಿ ಮುಚ್ಚಿಸಿದರೆ ಮಾತು ನಿಂತೀತು, ಮನಸ್ಸು ಬದಲಾಗದು.

ಮೊದಲು ವಿಷಯವೇನೆಂದು ತಿಳಿಯೋಣ. ಫ್ಯಾಂಟಸಿ ಆಟದಲ್ಲಿ ಆಡುವವನು ನಿಜವಾದ ಆಟಗಾರರನ್ನು ಆರಿಸಿ ತನ್ನದೊಂದು ಕಾಲ್ಪನಿಕ ತಂಡವನ್ನು ರಚಿಸುತ್ತಾನೆ. ಆ ಆಟಗಾರರು ಅಂಗಣದಲ್ಲಿ ಗಳಿಸುವ ಪಾಯಿಂಟು, ರೀಬೌಂಡ್, ಅಸಿಸ್ಟ್‌ಗಳ ಲೆಕ್ಕದ ಮೇಲೆ ಈ ಕಾಲ್ಪನಿಕ ತಂಡಕ್ಕೆ ಅಂಕ ದೊರೆಯುತ್ತದೆ. ಎಲ್ಲರೂ ಸೇರಿಸಿದ ಹಣ ಹೆಚ್ಚು ಅಂಕ ಗಳಿಸಿದವರ ಪಾಲಾಗುತ್ತದೆ. ಪ್ಲೇಆಫ್‌ನಲ್ಲಿ ಇದರ ಚರ್ಚೆ ಇನ್ನಷ್ಟು ಬಿಸಿಯಾಗುತ್ತದೆ. ಏಕೆಂದರೆ ಅಲ್ಲಿ ಅದೇ ಎರಡು ತಂಡಗಳು ಏಳು ಪಂದ್ಯಗಳವರೆಗೆ ಎದುರುಬದುರಾಗುತ್ತವೆ. ನಾಲ್ಕು ಗೆದ್ದ ತಂಡ ಮುಂದೆ ಸಾಗುತ್ತದೆ. ಆದ್ದರಿಂದ ಇವನಿಗೆ ಅವನು ಎದುರಾದರೆ ಏನಾದೀತು ಎಂಬ ಮುಖಾಮುಖಿಯ ಲೆಕ್ಕಾಚಾರವೇ ಎಲ್ಲರ ಬಾಯಲ್ಲಿ.

ಈ ಲೆಕ್ಕಾಚಾರದಲ್ಲಿ ಜ್ಞಾನವಿಲ್ಲವೆಂದು ನಾವು ಹೇಳಲಾರೆವು. 2015ರ ಫೈನಲ್ಸ್‌ನ ಎರಡನೆಯ ಪಂದ್ಯದಲ್ಲಿ, ಆ ವರ್ಷದ ಅತ್ಯಮೂಲ್ಯ ಆಟಗಾರನೆನಿಸಿದ್ದ ಸ್ಟೀಫನ್ ಕರ್ರಿ 23 ಎಸೆತಗಳಲ್ಲಿ ಕೇವಲ 5ನ್ನು ಬುಟ್ಟಿಗೆ ಹಾಕಿದರು. ಅವರ ಬೆನ್ನುಬಿಡದೆ ಕಾಡಿದವರು ಮ್ಯಾಥ್ಯೂ ಡೆಲ್ಲಾವೆಡೋವಾ ಎಂಬ, ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದಿದ್ದ ಆಟಗಾರ. ಅದೇ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತಂಡವು ಆಂಡ್ರೆ ಇಗುಡಾಲಾರನ್ನು ಆರಂಭಿಕ ಐವರಲ್ಲಿ ಇಳಿಸಿತು. ಆ ಋತುವಿನ ಲೀಗ್ ಹಂತದ ಪಂದ್ಯಗಳಲ್ಲಿ ಒಮ್ಮೆಯೂ ಆರಂಭಿಕ ಐವರಲ್ಲಿ ಇರದಿದ್ದ ಅವರು ಲೆಬ್ರಾನ್ ಜೇಮ್ಸ್‌ರನ್ನು ಎದುರಿಸಿ, ಕೊನೆಗೆ ಫೈನಲ್ಸ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಪಡೆದರು. ಯಾರ ಎದುರು ಯಾರು ಎಂಬುದರಲ್ಲಿ ಸರಣಿಯ ಗತಿಯೇ ಬದಲಾಗುತ್ತದೆ ಎಂಬುದು ನಿಜ. ಅದನ್ನು ಗುರುತಿಸಬಲ್ಲ ಯುವಕನಿಗೆ ಸೂಕ್ಷ್ಮ ದೃಷ್ಟಿಯಿದೆ ಎಂಬುದೂ ನಿಜ.

ಆದರೆ ಆ ದೃಷ್ಟಿ ಎಲ್ಲಿಯವರೆಗೆ ಹೋಗಬಲ್ಲದು? 2025ರ ಪ್ಲೇಆಫ್ ಅನ್ನೇ ನೋಡಿ. ಏಪ್ರಿಲ್ 27ರಂದು ಮಿಲ್ವಾಕಿಯ ಡೇಮಿಯನ್ ಲಿಲ್ಲಾರ್ಡ್, ಮೇ 12ರಂದು ಬಾಸ್ಟನ್‌ನ ಜೇಸನ್ ಟೇಟಮ್, ಜೂನ್ 22ರಂದು ಫೈನಲ್ಸ್‌ನ ಏಳನೆಯ ಪಂದ್ಯದಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್, ಈ ಮೂವರೂ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದು ಅಂಗಣದಲ್ಲೇ ಕುಸಿದರು. ಟೇಟಮ್ ಅಂದು 42 ಪಾಯಿಂಟು ಗಳಿಸಿದ್ದರು. ಹ್ಯಾಲಿಬರ್ಟನ್ ಕುಸಿದದ್ದು ಪಂದ್ಯದ ಮೊದಲ ಕಾಲುಭಾಗದಲ್ಲೇ. ಯಾವ ಮುಖಾಮುಖಿಯ ಪಟ್ಟಿಯಲ್ಲಿ ಆ ಕ್ಷಣಗಳು ಬರೆದಿದ್ದವು? ಮುಂದಿನ ಹೆಜ್ಜೆಯಲ್ಲಿ ಏನಾಗುವುದೆಂದು ಆ ಆಟಗಾರರಿಗೇ ತಿಳಿದಿರಲಿಲ್ಲ. ಅದನ್ನು ತಿಳಿದವನು ಅಲ್ಲಾಹನೊಬ್ಬನೇ. ಗೈಬ್‌ನ ಪರದೆಯ ಮುಂದೆ ನಿಂತು, ಅಂಕಿಗಳ ದೀಪ ಹಿಡಿದು, ಆಚೆಯದೂ ಕಾಣಿಸುತ್ತಿದೆ ಎಂದು ಹಣ ಕಟ್ಟುವುದನ್ನು ನಾವು ಅಧ್ಯಯನವೆಂದು ಕರೆಯಬೇಕೇ?

ಇಲ್ಲಿ ಒಬ್ಬರು ಕೇಳಬಹುದು: ವ್ಯಾಪಾರದಲ್ಲಿಯೂ ನಾಳೆಯ ಅರಿವು ಇರುವುದಿಲ್ಲವಲ್ಲ? ಸರಿಯಾದ ಪ್ರಶ್ನೆ. ಅಡಿಕೆಯ ವ್ಯಾಪಾರಿ, ಮೀನಿನ ವ್ಯಾಪಾರಿ ಇಬ್ಬರೂ ನಷ್ಟದ ಭಯದಲ್ಲೇ ಹಣ ಹೂಡುತ್ತಾರೆ. ಆದರೆ ಅಲ್ಲಿ ಒಂದು ವಸ್ತು ಕೈಯಿಂದ ಕೈಗೆ ಸಾಗುತ್ತದೆ, ಕೊಂಡವನಿಗೂ ಮಾರಿದವನಿಗೂ ಪ್ರಯೋಜನವಿದೆ. ಫ್ಯಾಂಟಸಿ ಕೂಟದಲ್ಲಿ ಏನೂ ಉತ್ಪತ್ತಿಯಾಗುವುದಿಲ್ಲ, ಏನೂ ಮಾರಾಟವಾಗುವುದಿಲ್ಲ. ಹತ್ತು ಮಂದಿಯ ಜೇಬಿನ ಹಣ ಒಬ್ಬನ ಜೇಬಿಗೆ ಹೋಗುತ್ತದೆ, ನಡುವೆ ಕಂಪೆನಿ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಒಬ್ಬನ ಲಾಭವೆಂದರೆ ಇನ್ನೊಬ್ಬನ ನಷ್ಟ, ಬೇರೇನೂ ಅಲ್ಲ.

ಶರೀಅತ್ತಿನ ಪ್ರಶ್ನೆ ಇರುವುದೂ ಇಲ್ಲಿಯೇ. ಆಟದಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು ಎಂಬ ತಕ್ಕಡಿಯನ್ನು ಹಿಡಿದು ಕುಳಿತವರು ಮೂಲ ಪ್ರಶ್ನೆಯನ್ನೇ ಮರೆತಿದ್ದಾರೆ. ಬಿಲ್ಲುಗಾರಿಕೆ ಅಪ್ಪಟ ಕೌಶಲದ ಸ್ಪರ್ಧೆ. ಪ್ರವಾದಿ(ಸ) ಅದನ್ನು ಪ್ರೋತ್ಸಾಹಿಸಿದರು, ಕುದುರೆ ಓಟದ ಸ್ಪರ್ಧೆಗಳನ್ನು ಏರ್ಪಡಿಸಿದರು, ಪತ್ನಿ ಆಇಶಾ(ರ)ರೊಂದಿಗೆ ಓಟದ ಪಂದ್ಯವನ್ನೂ ಆಡಿದರು. ಆದರೂ, ಬಿಲ್ಲುಗಾರರಿಬ್ಬರು ತಲಾ ಇಷ್ಟು ಹಣವಿಟ್ಟು, ಗೆದ್ದವನು ಎರಡನ್ನೂ ಒಯ್ಯಲಿ ಎಂದು ಒಪ್ಪಿಕೊಂಡರೆ ಅದನ್ನು ಜೂಜೆಂದೇ ಬಹುಪಾಲು ಫಿಕ್‌ಹ್ ವಿದ್ವಾಂಸರು ಪರಿಗಣಿಸಿದರು. ಮೂರನೆಯವನೊಬ್ಬ ಬಹುಮಾನ ಕೊಟ್ಟರೆ, ಸೋತವನು ಏನನ್ನೂ ಕಳೆದುಕೊಳ್ಳದಿದ್ದರೆ, ಅದಕ್ಕೆ ಬೇರೆ ವಿಧಿ. ಸ್ವತಃ ಬಿಲ್ಲು ಹಿಡಿದವನಿಗೇ ಇಷ್ಟು ಕಟ್ಟುಪಾಡಿರುವಾಗ, ಅಂಗಣಕ್ಕೆ ಕಾಲಿಡದೆ, ಬೆವರೊಂದು ಹನಿ ಸುರಿಸದೆ, ಬೇರೆಯವರ ಬೆವರಿನ ಮೇಲೆ ಹಣ ಕಟ್ಟುವವನು ಯಾವ ಕೌಶಲದ ರಿಯಾಯಿತಿ ಕೇಳುತ್ತಾನೆ?

ಪವಿತ್ರ ಕುರ್‌ಆನ್ ನಿಷೇಧಿಸಿದ ಮೈಸಿರ್ ಎಂದರೇನೆಂದು ನೆನಪಿಸಿಕೊಳ್ಳುವುದು ಒಳ್ಳೆಯದು. ಅಜ್ಞಾನ ಕಾಲದ ಅರಬರು ಒಂಟೆಯೊಂದನ್ನು ಕೊಯ್ದು ಪಾಲು ಮಾಡಿ, ಬಾಣಗಳನ್ನು ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು ಇತ್ತು, ಮೂರು ಬರಿದು. ಬರಿದು ಬಂದವನು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿ ಅದರ ಹಿರಿಮೆಯನ್ನು ಹೇಳಿಕೊಳ್ಳುತ್ತಿದ್ದರು. ಬಡವನ ಹಸಿವು ತಣಿಸುತ್ತಿದ್ದ ಆ ಜೂಜನ್ನೂ ಅಲ್ಲಾಹನು ಉಳಿಸಲಿಲ್ಲ. ಅಲ್ ಬಕರ ಅಧ್ಯಾಯದ 219ನೆಯ ಸೂಕ್ತವು ಮದ್ಯ ಮತ್ತು ಜೂಜುಗಳಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಒಪ್ಪಿಕೊಂಡೇ, ಅವುಗಳ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ತೀರ್ಪು ನೀಡುತ್ತದೆ. ಆದ್ದರಿಂದ ಫ್ಯಾಂಟಸಿ ಆಟದಿಂದ ಅಂಕಿಅಂಶಗಳ ಜ್ಞಾನ ಬೆಳೆಯುತ್ತದೆ, ಗೆಳೆತನ ಬೆಳೆಯುತ್ತದೆ ಎಂಬ ವಾದಕ್ಕೆ ಉತ್ತರ ಹದಿನಾಲ್ಕು ಶತಮಾನಗಳ ಹಿಂದೆಯೇ ದೊರೆತಿದೆ. ಪ್ರಯೋಜನವಿರಬಹುದು, ಆದರೆ ಪ್ರಯೋಜನವು ಹಲಾಲಿನ ಪುರಾವೆಯಲ್ಲ.

ನ್ಯಾಯಾಲಯವೇ ಇದನ್ನು ಕೌಶಲದ ಆಟವೆಂದಿದೆಯಲ್ಲ ಎನ್ನುವವರೂ ಇದ್ದಾರೆ. ಕರ್ನಾಟಕದ ಕಥೆಯನ್ನೇ ತೆಗೆದುಕೊಳ್ಳೋಣ. ನಮ್ಮ ರಾಜ್ಯವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿ, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಹೂಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕ್ರಿಕೆಟ್ ಜೊತೆಗೆ ಬಾಸ್ಕೆಟ್‌ಬಾಲನ್ನೂ ಆಡಿಸುತ್ತಿದ್ದ ಡ್ರೀಮ್11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ನಾಲ್ಕು ವರ್ಷಗಳಲ್ಲಿ ಒಂದೇ ಕೃತ್ಯ ಅಪರಾಧವಾಗಿ, ವ್ಯವಹಾರವಾಗಿ, ಮತ್ತೆ ನಿಷಿದ್ಧವಾಯಿತು. ನಮ್ಮ ಹಲಾಲ್ ಹರಾಮ್‌ಗಳನ್ನು ಈ ಗಡಿಯಾರಕ್ಕೆ ಕಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ದೇಶದ ಕಾನೂನನ್ನು ನಾವು ಪಾಲಿಸುತ್ತೇವೆ. ಆದರೆ ಕಾನೂನು ತಡೆದ ದಿನವೂ, ತಡೆಯದ ದಿನವೂ ವಿಶ್ವಾಸಿಯ ಅಳತೆಗೋಲು ಒಂದೇ. ಆ್ಯಪ್ ಮುಚ್ಚಿತೆಂದು ಗೆಳೆಯರ ಗುಂಪಿನಲ್ಲಿ ತಲಾ ಐನೂರು ರೂಪಾಯಿ ಸೇರಿಸಿ ಅದೇ ಆಟವನ್ನು ಮುಂದುವರಿಸುವವರು ಈ ಮಾತನ್ನು ವಿಶೇಷವಾಗಿ ಗಮನಿಸಲಿ.

ಅಮೆರಿಕದಲ್ಲಿ ಈ ಹಾದಿ ಎಲ್ಲಿಗೆ ಹೋಯಿತೆಂಬುದು ನಮ್ಮ ಕಣ್ಣೆದುರಿಗಿದೆ. 2006ರಲ್ಲಿ ಅಲ್ಲಿನ ಸರಕಾರ ಆನ್‌ಲೈನ್ ಜೂಜಿನ ಹಣಪಾವತಿಯನ್ನು ತಡೆಯುವ ಕಾನೂನು ಮಾಡಿದಾಗ ಫ್ಯಾಂಟಸಿ ಆಟಗಳಿಗೆ ವಿನಾಯಿತಿ ನೀಡಿತು. ಆ ಬಾಗಿಲಿನಿಂದ ಫ್ಯಾನ್‌ಡ್ಯುಯೆಲ್, ಡ್ರಾಫ್ಟ್‌ಕಿಂಗ್ಸ್ ಕಂಪೆನಿಗಳು ಬೆಳೆದವು. 2018ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟ್ ಕ್ರೀಡಾ ಬಾಜಿಯ ಮೇಲಿನ ಕೇಂದ್ರ ನಿರ್ಬಂಧವನ್ನು ತೆಗೆದುಹಾಕಿದೊಡನೆ, ಕೌಶಲದ ಮಾತಾಡುತ್ತಿದ್ದ ಅದೇ ಕಂಪೆನಿಗಳು ನೇರ ಬಾಜಿಯ ದೊಡ್ಡ ಅಂಗಡಿಗಳಾದವು. ಮುಸುಕು ತೆಗೆದಾಗ ಒಳಗಿದ್ದ ಮುಖ ಯಾವುದೆಂದು ಲೋಕಕ್ಕೆ ತಿಳಿಯಿತು.

ಹಣದ ನಷ್ಟಕ್ಕಿಂತ ದೊಡ್ಡ ನಷ್ಟವೊಂದಿದೆ. ಈ ಆಟ ಮನುಷ್ಯನನ್ನು ಅಂಕಿಯಾಗಿ ನೋಡುವುದನ್ನು ಕಲಿಸುತ್ತದೆ. ಆಟಗಾರನೊಬ್ಬ ಕಾಲು ಹಿಡಿದು ನರಳುವಾಗ, ಅವನನ್ನು ಆರಿಸಿದವನು ಶಪಿಸುತ್ತಾನೆ, ಆರಿಸದವನು ಒಳಗೊಳಗೇ ಹಿಗ್ಗುತ್ತಾನೆ. ಆದಮ್‌ನ ಸಂತಾನದ ನೋವಿನಲ್ಲಿ ಲಾಭ ಎಣಿಸುವ ಹೃದಯಕ್ಕೆ ಏನಾಗಿದೆ? ಅಷ್ಟೇ ಅಲ್ಲ, ಈ ವ್ಯವಸ್ಥೆ ಆಟಗಾರನನ್ನೂ ಕೆಡಿಸಿತು. 2024ರ ಮಾರ್ಚ್ 20ರಂದು ಟೊರಾಂಟೊ ತಂಡದ ಜೊಂಟೆ ಪೋರ್ಟರ್ ಮೂರೇ ನಿಮಿಷ ಆಡಿ, ಅನಾರೋಗ್ಯವೆಂದು ಹೊರನಡೆದರು. ಅವರ ಅಂಕ ಕಡಿಮೆಯಾಗುವುದೆಂದು ಒಬ್ಬ 80,000 ಡಾಲರ್ ಕಟ್ಟಿ 11 ಲಕ್ಷ ಡಾಲರ್ ಗೆಲ್ಲಲು ಕಾದಿದ್ದ. ವಿಷಯ ಬಯಲಾಗಿ ಏಪ್ರಿಲ್‌ನಲ್ಲಿ ಎನ್‌ಬಿಎ ಅವರನ್ನು ಆಜೀವ ನಿಷೇಧಿಸಿತು. ಸೂಕ್ಷ್ಮವಾಗಿ ಮುಖಾಮುಖಿಗಳನ್ನು ಅಳೆದು ಹಣ ಹೂಡಿದವರೆಲ್ಲ ಅಂದು ಅಳೆದದ್ದು ಏನನ್ನು?

ಇನ್ನೊಂದು ಉದಾಹರಣೆ ನಮ್ಮ ಮನಸ್ಸಿಗೆ ಹತ್ತಿರವಾದದ್ದು. 2022ರ ರಮಝಾನಿನಲ್ಲಿ ಬ್ರೂಕ್ಲಿನ್‌ನ ಕೈರಿ ಅರ್ವಿಂಗ್ ಉಪವಾಸವಿದ್ದುಕೊಂಡೇ ಬಾಸ್ಟನ್ ವಿರುದ್ಧ ಪ್ಲೇಆಫ್ ಆಡಿದರು. ಎದುರಿಗೆ ಆ ಋತುವಿನ ಅತ್ಯುತ್ತಮ ರಕ್ಷಣಾ ಆಟಗಾರ ಮಾರ್ಕಸ್ ಸ್ಮಾರ್ಟ್. ಮೊದಲ ಪಂದ್ಯದಲ್ಲಿ ಅರ್ವಿಂಗ್ 39 ಪಾಯಿಂಟು ಗಳಿಸಿದರು, ಎರಡನೆಯದರಲ್ಲಿ 10. ಅವರಿಗೂ ಮೊದಲು, 1995ರ ಫೆಬ್ರವರಿಯಲ್ಲಿ, ಹಕೀಮ್ ಒಲಾಜುವನ್ ಉಪವಾಸದ ತಿಂಗಳಲ್ಲಿಯೇ ಲೀಗಿನ ಮಾಸಿಕ ಶ್ರೇಷ್ಠ ಆಟಗಾರನೆನಿಸಿದ್ದರು. ಉಪವಾಸಿಗನೊಬ್ಬನ ಸಹನೆಯನ್ನು ಕಂಡು ಮಾಶಾ ಅಲ್ಲಾಹ್ ಎನ್ನಬೇಕಾದ ನಾಲಗೆ, ಇವನು ಉಪವಾಸವಿದ್ದಾನೆ, ತಂಡದಿಂದ ಕೈಬಿಡೋಣವೇ ಎಂದು ಲೆಕ್ಕ ಹಾಕುವಂತಾದರೆ ಅದಕ್ಕಿಂತ ದೊಡ್ಡ ಸೋಲು ಯಾವುದು? ಹಣ ಕಟ್ಟಿದವನ ಪಟ್ಟಿಯಲ್ಲಿ ಇಬಾದತ್ತು ಕೂಡ ಒಂದು ಕಳೆಯುವ ಚಿಹ್ನೆಯಾಗಿಬಿಡುತ್ತದೆ.

ಅಲ್ ಮಾಇದ ಅಧ್ಯಾಯದ 91ನೆಯ ಸೂಕ್ತವು ಜೂಜಿನ ಹಿಂದಿರುವ ಶೈತಾನನ ಉದ್ದೇಶಗಳನ್ನು ವಿವರಿಸುತ್ತದೆ: ಪರಸ್ಪರ ವೈರ ಬಿತ್ತುವುದು, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುವುದು. ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ 8 ಗಂಟೆಗೆ ಆರಂಭವಾಗುವ ಪ್ಲೇಆಫ್ ಪಂದ್ಯ ದುಬೈಯಲ್ಲಿ ಬೆಳಗಿನ 4ಕ್ಕೆ, ಮಂಗಳೂರಿನಲ್ಲಿ 5.30ಕ್ಕೆ ಆರಂಭವಾಗುತ್ತದೆ. ಅದು ಫಜ್ರ್‌ನ ಹೊತ್ತು. ತಂಡದ ಪಟ್ಟಿಯನ್ನು ಅಂತಿಮಗೊಳಿಸಲು ಅಲಾರಾಂ ಇಟ್ಟು ಏಳುವ ಕಣ್ಣುಗಳು ಬಾಂಗಿನ ಕರೆಗೆ ತೆರೆಯದಿದ್ದರೆ, ಆ ಸೂಕ್ತಕ್ಕೆ ಬೇರೆ ವ್ಯಾಖ್ಯಾನ ಬೇಕೇ? ವೈರದ ಮಾತೂ ಅಷ್ಟೇ. ವಾದ ತಮಾಷೆಯಾಗಿ ಆರಂಭವಾಗುತ್ತದೆ, ಹಣ ಸೇರಿದಾಗ ಬೈಗುಳವಾಗುತ್ತದೆ.

ನಾವು ಆಟದ ವಿರೋಧಿಗಳಲ್ಲ. ಮಕ್ಕಳು ಬಾಸ್ಕೆಟ್‌ಬಾಲ್ ಆಡಲಿ, ದೇಹ ಗಟ್ಟಿಯಾಗಲಿ. ನಮಾಝು, ಓದು, ಕೆಲಸಗಳಿಗೆ ಭಂಗವಿಲ್ಲದಂತೆ ನೋಡಲಿ, ಯಾರನ್ನು ಯಾರು ತಡೆದಾರು ಎಂದು ಹಣವಿಲ್ಲದೆ ವಾದಿಸಲಿ. ಅಂಕಿಗಳನ್ನು ಓದಬಲ್ಲ ಬುದ್ಧಿ ಅಲ್ಲಾಹನ ಅನುಗ್ರಹ. ಅದಕ್ಕೆ ಇಂದು ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಗೌರವದ ಸ್ಥಾನವಿದೆ. ಹಣ ಕಟ್ಟುವ ಕ್ಷಣದಲ್ಲಿ ಮಾತ್ರ ಅದು ತನ್ನ ದಾರಿ ತಪ್ಪುತ್ತದೆ.

ತಂದೆತಾಯಿಗಳು ಮೊಬೈಲು ಕಿತ್ತುಕೊಳ್ಳುವುದಕ್ಕೆ ಮೊದಲು ಮಕ್ಕಳ ಬಳಿ ಕುಳಿತು ಈ ಆಟ ಹೇಗೆ ನಡೆಯುತ್ತದೆಂದು ಕೇಳಲಿ. ಹಣ ಎಲ್ಲಿಂದ ಬಂತು, ಸೋತವರ ಹಣ ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆ ಸಾಕು. ಯುವಕರು ಇದನ್ನೂ ನೆನಪಿಡಲಿ: ಬಾ, ಜೂಜಾಡೋಣ ಎಂದು ಗೆಳೆಯನನ್ನು ಕರೆದವನು ಆ ಮಾತಿಗಾಗಿಯೇ ದಾನ ಮಾಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆಡುವುದಿರಲಿ, ಕರೆಯುವುದಕ್ಕೂ ಪ್ರಾಯಶ್ಚಿತ್ತವಿದೆ. ಗೆಳೆಯನನ್ನು ಕರೆತಂದರೆ ಬೋನಸ್ ಎನ್ನುವ ಆ್ಯಪ್‌ಗಳ ಕಾಲದಲ್ಲಿ ಈ ಉಪದೇಶದ ಬೆಲೆ ಇನ್ನಷ್ಟು ಹೆಚ್ಚಿದೆ. ಇಂತಹ ಕೂಟದಲ್ಲಿ ಇರುವವರು ಇಂದೇ ಹೊರಬರಲಿ, ಕರೆತಂದವರನ್ನೂ ಜೊತೆಯಲ್ಲಿ ಹೊರತರಲಿ. ತೌಬಾದ ಬಾಗಿಲು ತೆರೆದೇ ಇದೆ.

ಅಲ್ಲಾಹನು ನಮ್ಮ ಮಕ್ಕಳ ಬುದ್ಧಿಯನ್ನೂ ಸಂಪಾದನೆಯನ್ನೂ ಶುದ್ಧವಾಗಿಡಲಿ. ಆಮೀನ್.