ತಪ್ಪೆಲ್ಲ ಸುನಾಮಿಯದ್ದೇ? ಫುಕುಶಿಮಾದಲ್ಲಿ ಹೊಣೆ ಹೊತ್ತವರು ಯಾರು

2025ರ ಮಾರ್ಚ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಒಂದು ಹಳೆಯ ಪ್ರಕರಣಕ್ಕೆ ತೆರೆ ಎಳೆಯಿತು. ಫುಕುಶಿಮಾ ದಾಯಿಚಿ ಅಣು ವಿದ್ಯುತ್ ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪೆನಿಯ ಇಬ್ಬರು ಮಾಜಿ ಉಪಾಧ್ಯಕ್ಷರ ಖುಲಾಸೆಯನ್ನು ಅದು ಎತ್ತಿಹಿಡಿಯಿತು. ಮೂರನೇ ಆರೋಪಿ, ಕಂಪೆನಿಯ ಮಾಜಿ ಅಧ್ಯಕ್ಷರು, ಅಷ್ಟರಲ್ಲಿ ತೀರಿಕೊಂಡಿದ್ದರು. ಅಲ್ಲಿಗೆ ಜಗತ್ತಿನ ಅತಿ ದೊಡ್ಡ ಅಣು ದುರಂತಗಳಲ್ಲಿ ಒಂದಕ್ಕೆ ಒಬ್ಬರೂ ಜೈಲಿಗೆ ಹೋಗಲಿಲ್ಲ.

2011ರ ಮಾರ್ಚ್ 11ರಂದು ಕಾರು, ಮನೆ, ಹಡಗುಗಳನ್ನು ಹೊತ್ತು ಬಂದ ಕಪ್ಪು ನೀರಿನ ವೀಡಿಯೊವನ್ನು ಈಗ ಕಾಲೇಜಿಗೆ ಹೋಗುವ ನಮ್ಮ ಮಕ್ಕಳೂ ಮೊಬೈಲಿನಲ್ಲಿ ನೋಡಿರುತ್ತಾರೆ. 9.0 ತೀವ್ರತೆಯ ಭೂಕಂಪ, ಅದರ ಬೆನ್ನಿಗೇ ಸುನಾಮಿ. ಸತ್ತವರು, ಕಾಣೆಯಾದವರು ಸೇರಿ 18 ಸಾವಿರಕ್ಕೂ ಹೆಚ್ಚು ಜನ. ಇದನ್ನು ಯಾರಿಂದಲೂ ತಡೆಯಲು ಸಾಧ್ಯವಿರಲಿಲ್ಲ, ಒಪ್ಪೋಣ. ಆದರೆ ಸ್ಥಾವರದೊಳಗೆ ನಡೆದದ್ದು ಬೇರೆಯೇ ಕಥೆ.

ಭೂಮಿ ಅಲುಗಿದ ಕೂಡಲೇ ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಆದರೆ ಒಲೆ ಆರಿಸಿದ ಮೇಲೂ ಕೆಂಡ ಸುಡುತ್ತಲೇ ಇರುತ್ತದಲ್ಲ, ಹಾಗೆಯೇ ಅಣು ಇಂಧನವೂ. ಅದನ್ನು ದಿನಗಟ್ಟಲೆ ತಣಿಸುತ್ತಿರಬೇಕು, ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಹೊರಗಿನ ಕರೆಂಟು ಹೋಗಿತ್ತು, ಡೀಸೆಲ್ ಜನರೇಟರ್‌ಗಳು ಚಾಲೂ ಆದವು. ಸುಮಾರು 50 ನಿಮಿಷದ ನಂತರ ಬಂದ ಅಲೆ ನೆಲಮಾಳಿಗೆಗೆ ನುಗ್ಗಿ ಜನರೇಟರ್‌ಗಳನ್ನೂ ಸ್ವಿಚ್‌ಬೋರ್ಡ್‌ಗಳನ್ನೂ ಮುಳುಗಿಸಿತು. ಮುಂದಿನ ದಿನಗಳಲ್ಲಿ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು, ಹೈಡ್ರೋಜನ್ ತುಂಬಿ ಕಟ್ಟಡಗಳು ಸಿಡಿದವು.

‘ಇದು ನಮ್ಮ ಊಹೆಗೂ ಮೀರಿದ್ದು’ ಎಂಬುದು ಕಂಪೆನಿಯ ವಾದ. ಹಾಗಾದರೆ 2008ರ ಲೆಕ್ಕ ಯಾರದ್ದು? ಸ್ಥಾವರವನ್ನು ಸುಮಾರು 5.7 ಮೀಟರ್ ಎತ್ತರದ ಅಲೆಗೆ ಸಜ್ಜುಗೊಳಿಸಲಾಗಿತ್ತು. ಆದರೆ 15.7 ಮೀಟರ್ ವರೆಗೂ ನೀರು ಬರಬಹುದು ಎಂದು 2008ರಲ್ಲಿ ಟೆಪ್ಕೊದ ಸ್ವಂತ ಲೆಕ್ಕಾಚಾರವೇ ಹೇಳಿತ್ತು. ಗೋಡೆ ಕಟ್ಟಲಿಲ್ಲ, ಇನ್ನಷ್ಟು ಅಧ್ಯಯನ ಆಗಲಿ ಅಂತ ಮುಂದೂಡಿದರು. ಈ ಲೆಕ್ಕ ಸರಕಾರಿ ನಿಯಂತ್ರಕರ ಕೈ ಸೇರಿದ್ದು 2011ರ ಮಾರ್ಚ್ 7ರಂದು. ಅಂದರೆ ಸುನಾಮಿಗೆ ನಾಲ್ಕೇ ದಿನ ಮೊದಲು!

ಇನ್ನೂ ಒಂದು ಸಂಗತಿ ಉಂಟು. ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಹತ್ತಿರವಿದ್ದದ್ದು ಬೇರೊಂದು ಕಂಪೆನಿಯ ಒನಾಗಾವಾ ಸ್ಥಾವರ. ಅಲ್ಲಿಗೆ ಬಂದ ಅಲೆಯೂ ಸುಮಾರು 13 ಮೀಟರ್ ಎತ್ತರದ್ದು. ಆದರೂ ಅದು ಉಳಿಯಿತು. ಹಿರಾಯ್ ಯಾನೊಸುಕೆ ಎಂಬ ಎಂಜಿನಿಯರ್ ಕ್ರಿ.ಶ. 869ರ ಸುನಾಮಿಯನ್ನು ನೆನಪಿಸಿ, ಸ್ಥಾವರ ಎತ್ತರದ ನೆಲದಲ್ಲೇ ಇರಬೇಕೆಂದು ಹಟ ಹಿಡಿದಿದ್ದರು. ಅದನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಮನೆ ಕಳಕೊಂಡ ಊರಿನವರು ಆ ರಾತ್ರಿ ಆಸರೆ ಪಡೆದದ್ದೂ ಅದೇ ಸ್ಥಾವರದ ಆವರಣದಲ್ಲಿ. ಫುಕುಶಿಮಾದಲ್ಲೋ, ಸುಮಾರು 35 ಮೀಟರ್ ಎತ್ತರದ ಗುಡ್ಡವನ್ನೇ ಕಡಿದು 10 ಮೀಟರಿಗೆ ಇಳಿಸಿದ್ದರು. ಅಲೆ ಒಂದೇ, ಕಡಲೂ ಒಂದೇ. ಬೇರೆಯಾಗಿದ್ದು ಮನುಷ್ಯರ ತೀರ್ಮಾನ. ಜಪಾನ್ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗವೂ 2012ರಲ್ಲಿ ಇದನ್ನು ಮಾನವ ನಿರ್ಮಿತ ದುರಂತ ಎಂದೇ ಕರೆಯಿತು.

ಸತ್ತವರ ಲೆಕ್ಕದಲ್ಲೂ ಗೊಂದಲ ಇದೆ. ‘ವಿಕಿರಣದಿಂದ ಎಷ್ಟು ಜನ ಸತ್ತರು?’ ಎಂದು ಕೇಳುತ್ತಾರೆ. ಸರಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು ಒಬ್ಬ ಕಾರ್ಮಿಕನ ಕ್ಯಾನ್ಸರ್ ಸಾವನ್ನು ಮಾತ್ರ. ಆದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಒಂದು ಆಸ್ಪತ್ರೆಯ ಹಾಸಿಗೆ ಹಿಡಿದ ವೃದ್ಧ ರೋಗಿಗಳನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಸುತ್ತಿಸಿದರು. ಕೆಲವರು ದಾರಿಯಲ್ಲೇ, ಇನ್ನು ಕೆಲವರು ತಲುಪಿದ ಮೇಲೆ ಕೊನೆಯುಸಿರೆಳೆದರು. ಕ್ರಿಮಿನಲ್ ಪ್ರಕರಣದಲ್ಲಿ ಹೆಸರಿಸಿದ 44 ಸಾವುಗಳಲ್ಲಿ ಹೆಚ್ಚಿನವು ಇಂಥವರದ್ದೇ. ಫುಕುಶಿಮಾ ಪ್ರಾಂತದಲ್ಲಿ ಅಲೆಗೆ ಸಿಕ್ಕಿ ಸತ್ತವರಿಗಿಂತ, ಆಮೇಲೆ ಸ್ಥಳಾಂತರದ ಸುಸ್ತು, ಕಾಯಿಲೆ, ಆತ್ಮಹತ್ಯೆಗಳಲ್ಲಿ ಸತ್ತವರೇ ಹೆಚ್ಚು. ಅಂಥವರ ಸಂಖ್ಯೆ 2,300 ದಾಟಿದೆ. ಸುಮಾರು 7,000 ಜನರಿದ್ದ ಫುತಾಬಾ ಪಟ್ಟಣದ ಒಂದು ಭಾಗ ವಾಸಕ್ಕೆ ಮತ್ತೆ ತೆರೆದದ್ದು 2022ರಲ್ಲಿ. ಹನ್ನೊಂದು ವರ್ಷ ಬೇರೆ ಊರಲ್ಲಿ ಬದುಕು ಕಟ್ಟಿಕೊಂಡವರು ಹಿಂತಿರುಗುವುದಾದರೂ ಹೇಗೆ? ಹೋದವರು ಬಹಳ ಕಡಿಮೆ.

ಅದೇ 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಸರಕಾರ ಹೊಣೆಯಲ್ಲ ಎಂದಿತು. ಗೋಡೆ ಕಟ್ಟಿಸಿದ್ದರೂ ಇಷ್ಟು ದೊಡ್ಡ ಅಲೆಯನ್ನು ಅದು ತಡೆಯುತ್ತಿರಲಿಲ್ಲ ಎಂಬುದು ಕಾರಣ. ನಾಲ್ವರಲ್ಲಿ ಒಬ್ಬ ನ್ಯಾಯಮೂರ್ತಿ ಮಾತ್ರ ಒಪ್ಪಲಿಲ್ಲ. ಟೆಪ್ಕೊ ಪರಿಹಾರ ಕೊಡಬೇಕಾಗಿ ಬಂತು ನಿಜ, ಆದರೆ ಹಾಗೆ ಕೊಡಲು ಸರಕಾರವೇ ಅದನ್ನು ಎತ್ತಿ ನಿಲ್ಲಿಸಬೇಕಾಯಿತು.

ಮೀನುಗಾರರ ಕಥೆಯಂತೂ ಕಾಸರಗೋಡಿನಿಂದ ಕಾರವಾರದವರೆಗೆ ಕಡಲನ್ನೇ ನಂಬಿ ಬದುಕುವವರಿಗೆ ಬೇಗ ಅರ್ಥವಾಗುತ್ತದೆ. ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಟ್ಯಾಂಕಿನ ನೀರನ್ನು ವಿಲೇವಾರಿ ಮಾಡುವುದಿಲ್ಲ ಎಂದು 2015ರಲ್ಲಿ ಅವರಿಗೆ ಲಿಖಿತ ಮಾತು ಕೊಟ್ಟಿದ್ದರು. 2023ರ ಆಗಸ್ಟ್ 24ರಂದು ಮೀನುಗಾರರ ವಿರೋಧದ ನಡುವೆಯೇ ನೀರನ್ನು ಕಡಲಿಗೆ ಬಿಡಲು ಶುರು ಮಾಡಿದರು. ನೀರನ್ನು ಶುದ್ಧೀಕರಿಸಲಾಗಿದೆ, ಟ್ರಿಟಿಯಂ ಉಳಿದರೂ ಅಂತಾರಾಷ್ಟ್ರೀಯ ಮಾನದಂಡದೊಳಗಿದೆ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳಿದೆ. ಅದನ್ನು ಅಲ್ಲಗಳೆಯಲು ನನ್ನ ಬಳಿ ಆಧಾರವಿಲ್ಲ. ಆದರೆ ಮಾರುಕಟ್ಟೆಯಲ್ಲಿ ಮೀನು ಬಿಕರಿಯಾಗುವುದು ನಂಬಿಕೆಯ ಮೇಲೆ. ಚೀನಾ ಕೂಡಲೇ ಜಪಾನಿನ ಮೀನಿಗೆ ಬಾಗಿಲು ಮುಚ್ಚಿತು.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಎರಡು ಮಾತು. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಲ್ಪಾಕ್ಕಂ ಸ್ಥಾವರದ ಪಂಪ್‌ಹೌಸಿಗೆ ನೀರು ನುಗ್ಗಿತ್ತು. ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ನಮ್ಮ ಕೈಗಾ ಕಡಲಿನಿಂದ ಒಳಗೆ, ಕಾಳಿ ನದಿಯ ದಡದಲ್ಲಿದೆ, ಹಾಗಾಗಿ ಅಲ್ಲಿ ಸುನಾಮಿಯ ಪ್ರಶ್ನೆ ಏಳುವುದಿಲ್ಲ. ಏಳಬೇಕಾದ ಪ್ರಶ್ನೆ ಬೇರೆ: ಅಪಾಯದ ಲೆಕ್ಕ ಹಾಕುವವರು ಯಾರು, ಅದು ಜನರಿಗೆ ಗೊತ್ತಾಗುವುದು ಯಾವಾಗ? ಜಪಾನಿನಲ್ಲಿ ಅಣುಶಕ್ತಿಯನ್ನು ಬೆಳೆಸುವ ಸಚಿವಾಲಯದ ಕೈಕೆಳಗೇ ಅದನ್ನು ನಿಯಂತ್ರಿಸುವ ಸಂಸ್ಥೆಯೂ ಇತ್ತು. ಫುಕುಶಿಮಾದ ನಂತರ ಅವರು ಅದನ್ನು ಬೇರ್ಪಡಿಸಿದರು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಗೂ ಸ್ವಾಯತ್ತತೆ ಸಾಲದು ಎಂದು 2012ರಲ್ಲಿ ಸಿಎಜಿ ವರದಿ ಹೇಳಿತ್ತು. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆ ಇರುವಾಗ ಈ ವರದಿಯನ್ನು ಮತ್ತೆ ತೆರೆದು ಓದಬೇಕಾದವರು ಕರಾವಳಿಯ ಜನಪ್ರತಿನಿಧಿಗಳು.

ಅತ್ತ ಫುಕುಶಿಮಾದಲ್ಲಿ ಕರಗಿ ಗಟ್ಟಿಯಾದ ಇಂಧನ ಮತ್ತು ಅವಶೇಷ ಸುಮಾರು 880 ಟನ್ ಇದೆ. 2024ರ ನವೆಂಬರ್‌ನಲ್ಲಿ ಉದ್ದಕ್ಕೆ ಚಾಚುವ ಉಪಕರಣದಿಂದ ಮೊದಲ ಬಾರಿಗೆ ಹೊರತೆಗೆದ ಚೂರಿನ ತೂಕ ಒಂದು ಗ್ರಾಂ ಕೂಡ ಇರಲಿಲ್ಲ.