ಚೈತ್ರದ ದುಡಿಮೆ ಯಾರ ಲೆಕ್ಕದಲ್ಲಿದೆ?

ಶಿರಸಿ, ಸಿದ್ದಾಪುರ ಸೀಮೆಯ ಯಾವ ಮದುವೆಮನೆಗೆ ಹೋದರೂ ಒಂದು ಮಾತು ಬಂದೇ ಬರುತ್ತದೆ: ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. ಈಗಿನ ಹುಡುಗಿಯರಿಗೆ ಬೆಂಗಳೂರೇ ಬೇಕು, ಓದು ಹೆಚ್ಚಾಯಿತು, ಹಳ್ಳಿಯೆಂದರೆ ಅಸಡ್ಡೆ ಎಂದು ಕಾರಣ ಹೇಳುವವರಿಗೆ ಬರವಿಲ್ಲ. ನಮ್ಮ ಮನೆಯಲ್ಲೂ ಮದುವೆಗೆ ಬಂದ ಹುಡುಗನಿದ್ದಾನೆ, ನನ್ನ ಭಾವನ ಮಗ. ಡಿಪ್ಲೊಮಾ ಓದಿದವನು, ತೋಟವನ್ನು ಕಣ್ಣಿಟ್ಟು ನೋಡಿಕೊಳ್ಳುತ್ತಾನೆ, ಒಳ್ಳೆಯ ಗುಣದವನು. ಜಾತಕ ಹೋದಲ್ಲೆಲ್ಲ ಬೇಡವೆಂಬ ಉತ್ತರವೇ ಬರುತ್ತಿದೆ. ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆದರೆ ಬೇಡವೆಂದ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಹೆಚ್ಚಿನವರು ಇಂಥದೇ ಮನೆಯಲ್ಲಿ ಹುಟ್ಟಿ ಬೆಳೆದವರು. ತಮ್ಮ ಆಯಿ ಚೈತ್ರ, ವೈಶಾಖಗಳನ್ನು ಹೇಗೆ ಕಳೆಯುತ್ತಾಳೆ ಎಂಬುದನ್ನು ಕಣ್ಣಾರೆ ಕಂಡವರು.

ನಮ್ಮದು ಕೂಡುಕುಟುಂಬ. ಅತ್ತೆ, ಭಾವ, ಅಕ್ಕ ಎಂದು ನಾನು ಕರೆಯುವ ಓರಗಿತ್ತಿ, ನನ್ನ ಯಜಮಾನರು, ಮೈದುನನ ಸಂಸಾರ, ಮಕ್ಕಳು ಎಲ್ಲ ಸೇರಿ ಎರಡು ಪಂಕ್ತಿಯಾಗುವಷ್ಟು ಜನ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ತಳಿಯ ದನಗಳು, ಜಗುಲಿಯಲ್ಲಿ ಕೆಂಚ ಎಂಬ ನಾಯಿ, ಒಲೆಯ ಬುಡದಲ್ಲಿ ಬೆಕ್ಕು, ಅದರ ಮರಿಗಳು. ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ ಬಿಟ್ಟರೆ ಮೈಸೂರು, ಬೆಂಗಳೂರಿನ ಮಕ್ಕಳೂ ಬಂದು ಸೇರುತ್ತಾರೆ. ಎದುರಿನ ಸುರಗಿ ಮರ ಹೂ ಬಿಟ್ಟು ಅಂಗಳವೆಲ್ಲ ಘಮಘಮ. ಸುರಗಿಯನ್ನು ದಾರಕ್ಕೆ ಪೋಣಿಸಿ ಒಣಗಿಸಿಟ್ಟರೆ ಮಳೆಗಾಲದಲ್ಲೂ ಪರಿಮಳ ಹೋಗುವುದಿಲ್ಲ. ಈ ಕಾಲವೆಂದರೆ ನನಗೆ ಪ್ರಾಣ, ಇದನ್ನು ಬಿಟ್ಟು ಪೇಟೆಗೆ ಹೋಗುವ ಆಸೆ ನನಗೆ ಎಂದೂ ಬಂದಿಲ್ಲ.

ಆದರೆ ಮಲೆನಾಡಿನ ವಸಂತ ಹೂವಿನ ಕಾಲವಷ್ಟೇ ಅಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮೂರು ನಾಲ್ಕು ತಿಂಗಳು ಏನೂ ಒಣಗುವುದಿಲ್ಲ. ಹಾಗಾಗಿ ಮಳೆಗಾಲದ ಊಟವನ್ನೆಲ್ಲ ಈ ಬಿಸಿಲಿನಲ್ಲೇ ಮಾಡಿಡಬೇಕು. ಮೊದಲು ಬರುವುದು ಅಪ್ಪೆಮಿಡಿ. ಹೊಳೆಸಾಲಿನ ಮರದಿಂದ ಇಳಿಸಿದ ಮಿಡಿಯ ತೊಟ್ಟು ಮುರಿಯದಂತೆ, ಸೊನೆ ಸೋರದಂತೆ ಆರಿಸಿ, ಅದೇ ದಿನ ಉಪ್ಪಿಗೆ ಹಾಕಬೇಕು. ಮಿಡಿಯ ಜೀವವೆಲ್ಲ ಆ ಸೊನೆಯಲ್ಲಿದೆ. ಭರಣಿಯಲ್ಲಿ ಉಪ್ಪುಂಡು ಮಿಡಿ ಚಿರುಟಿದ ಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸು ಅರೆದು ಕಲಸುವ ಕೆಲಸ. ಅದು ಮುಗಿಯುವಷ್ಟರಲ್ಲಿ ಹಲಸು ಬಲಿತಿರುತ್ತದೆ. ಹಪ್ಪಳಕ್ಕೆ ಬಲಿತರೂ ಹಣ್ಣಾಗದ ಕಾಯಿಯೇ ಆಗಬೇಕು. ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು ಸೊಳೆ ಬಿಡಿಸಿದರೂ ಮೇಣ ಉಗುರಿನ ಸಂದಿಯಿಂದ ವಾರಗಟ್ಟಲೆ ಹೋಗುವುದಿಲ್ಲ. ಸೊಳೆ ಬೇಯಿಸಿ, ಕಡೆದು, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರವಬೇಕು. ಒಂದಷ್ಟು ಸೊಳೆ ಉಪ್ಪಿನಲ್ಲಿ ಹಾಕಿಡಬೇಕು. ನಡುವೆ ಬೂದುಗುಂಬಳದ ಸಂಡಿಗೆ, ಬಾಳ್ಕದ ಮೆಣಸು. ಮೇ ಬಂದರೆ ಮುರುಗಲು ಹಣ್ಣಿನ ಸಿಪ್ಪೆ. ಬೇಸಿಗೆ ಗದ್ದೆಯ ಮೊಗೆಕಾಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಬೇಕು, ಆಷಾಢದ ಹುಳಿಗೆ ಅದೇ ಗತಿ.

ಇದೆಲ್ಲ ದಿನದ ಕೆಲಸದ ಮೇಲಿನ ಕೆಲಸ. ಬಾವಿ ಇಳಿಯುತ್ತಿರುತ್ತದೆ, ಬಚ್ಚಲಿನ ನೀರನ್ನು ದಾಸವಾಳ, ಮಲ್ಲಿಗೆ ಬುಡಕ್ಕೆ ತಿರುಗಿಸಬೇಕು. ಬಸಳೆ ಚಪ್ಪರಕ್ಕೆ ಸಂಜೆ ನೀರು ತಪ್ಪಿದರೆ ಎಲೆ ಬಾಡುತ್ತದೆ. ಕರುವಿಗೆ ಹಾಲು ಬಿಡಬೇಕು, ಕರೆಯಬೇಕು, ಬಂದವರಿಗೆಲ್ಲ ಪಾನಕ ಕೊಡಬೇಕು. ಅಂಗಳದಲ್ಲಿ ಹಪ್ಪಳ ಹರವಿದ ಮೇಲೆ ಮಂಗ, ಕಾಗೆ, ಹಗ್ಗ ಬಿಚ್ಚಿಕೊಂಡ ಕರು ಎಲ್ಲವನ್ನೂ ಕಾಯಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತೋ, ಅತ್ತೆಯ ಕೂಗು: “ತಂಗೀ, ಮಳೆ ಬಂತು, ಓಡಿ ಬಾ!” ಆಗ ಚಾಪೆ ಎತ್ತಲು ಓಡುವ ಕಾಲುಗಳು ಯಾರವು ಎಂದು ನೋಡಿ. ನಮ್ಮ ಸೀಮೆಯ ಹತ್ತು ಮನೆಗೆ ಹೋಗಿ ನೋಡಿದರೂ ಅವು ಹೆಚ್ಚಿನಂಶ ಹೆಂಗಸರ ಕಾಲುಗಳೇ.

ಪ್ರಾಣಿಗಳ ಆರೈಕೆಯ ಬಗ್ಗೆ ಬೇರೆಯೇ ಹೇಳಬೇಕು, ಏಕೆಂದರೆ ಅದರಲ್ಲಿ ಜೀವದ ಪ್ರಶ್ನೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹೆಚ್ಚುವುದು ಈ ಬೇಸಿಗೆ ತಿಂಗಳುಗಳಲ್ಲೇ. ಹರಡುವುದು ಉಣುಗಿನಿಂದ. ಮೇಯಲು ಕಾಡಿಗೆ ಹೋದ ದನ, ಅವುಗಳ ಹಿಂದೆ ಹೋದ ನಾಯಿ ಉಣುಗನ್ನು ಮನೆಯಂಗಳಕ್ಕೆ ತರುತ್ತವೆ. ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಕು ಗುಡಿಸಿ ತರುವವರು, ಸೌದೆ ಆಯುವವರು, ಸಂಜೆ ದನದ ಕಿವಿಯ ಹಿಂದೆ, ಕೆಚ್ಚಲ ಬಳಿ ಬೆರಳಾಡಿಸಿ ಉಣುಗು ಆರಿಸುವವರು ಯಾರು? ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನೆಗೆ ಬರುತ್ತದೆ. ಕಾಡಿಗೆ ಹೊರಟ ಗಂಡಸರು ಅದನ್ನು ಹಚ್ಚಿಕೊಳ್ಳುತ್ತಾರೆ. ಕೊಟ್ಟಿಗೆಗೆ ಹೋಗುವವಳಿಗೂ ಅದು ಬೇಕು ಎಂಬುದು ಎಷ್ಟು ಮನೆಗಳಲ್ಲಿ ನೆನಪಿರುತ್ತದೆ? ಉಣುಗು ಆರಿಸುವ ಕೆಲಸವನ್ನು ಸರದಿಯಲ್ಲಿ ಮಾಡಬೇಕು, ಕೈಗೆ ಗವಸು ಹಾಕಿಕೊಂಡು ಮಾಡಬೇಕು. ಹತ್ತಿರದಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಆಸ್ಪತ್ರೆಗೆ ತಿಳಿಸುವುದು ಕಂಡವರೆಲ್ಲರ ಕೆಲಸವಾಗಬೇಕು.

ಕೇಂದ್ರ ಸರ್ಕಾರದ ಅಂಕಿ-ಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಾರೆ ಎಂದು ಅದರಲ್ಲಿ ಬಂತು. ಅದು ಇಡೀ ವರ್ಷದ ಸರಾಸರಿ. ನನ್ನ ಓರಗಿತ್ತಿ ಏಪ್ರಿಲ್ ತಿಂಗಳ ಒಂದು ದಿನ 299 ನಿಮಿಷ ಮುಗಿಸುವುದು ಮಧ್ಯಾಹ್ನದ ಊಟಕ್ಕೆ ಮೊದಲೇ.

ಲೆಕ್ಕದ ಇನ್ನೊಂದು ಸಂಗತಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದೆ. ದೇಶಗಳ ಉತ್ಪನ್ನವನ್ನು ಎಣಿಸಲು ವಿಶ್ವಸಂಸ್ಥೆ ಒಪ್ಪಿರುವ ಪದ್ಧತಿಯಲ್ಲಿ ಮನೆಯವರಿಗೆ ಅಡುಗೆ ಮಾಡುವುದು, ಗುಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಉತ್ಪಾದನೆಯಲ್ಲ. ಆದರೆ ಹಣ್ಣು ಒಣಗಿಸಿ ಕಾಪಿಡುವುದು, ಬೆಣ್ಣೆ ತೆಗೆಯುವುದು, ಮನೆ ಬಳಕೆಗೇ ಆದರೂ, ಉತ್ಪಾದನೆ. ಮುರುಗಲು ಸಿಪ್ಪೆ ಒಣಗಿಸುವ ಕೈ ಜಗತ್ತಿನ ಲೆಕ್ಕಶಾಸ್ತ್ರದ ಪ್ರಕಾರ ಸಂಪತ್ತು ಹುಟ್ಟಿಸುವ ಕೈ. ನಮ್ಮ ಮನೆಯ ಕಪಾಟಿನಲ್ಲಿ ಅಜ್ಜನ ಕಾಲದಿಂದ ಬಂದ ಲೆಕ್ಕದ ಪುಸ್ತಕಗಳಿವೆ. ಶಿರಸಿ ಸೊಸೈಟಿಗೆ ಹೋದ ಅಡಿಕೆಯ ತೂಕ, ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಗೊಬ್ಬರದ ಬೆಲೆ ಎಲ್ಲವೂ ಅಲ್ಲಿವೆ. ಹಪ್ಪಳ, ಮಿಡಿ, ತುಪ್ಪ ಅಲ್ಲಿಲ್ಲ. ಮಾರಿದ್ದೂ ಇಲ್ಲ, ಉಂಡದ್ದೂ ಇಲ್ಲ.

ಹೋದ ವರ್ಷ ಈ ಮಾತು ಮನೆಯಲ್ಲಿ ಎತ್ತಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೂಡುಕುಟುಂಬದಲ್ಲಿ ಯಾರೆಷ್ಟು ಮಾಡಿದರು ಎಂದು ಬರೆಯಲು ಶುರುಮಾಡಿದರೆ ಮನೆ ಒಡೆಯುತ್ತದೆ ಎಂದರು. ಹಿರಿಯರು, ನಾಲ್ಕು ಮನೆ ಹಿಸೆಯಾದದ್ದನ್ನು ನೋಡಿದವರು, ಅವರ ಭಯವನ್ನು ನಾನು ಗೌರವಿಸುತ್ತೇನೆ. ಆದರೆ ಒಡೆದ ಮನೆಗಳ ಒಳಗಿನ ಕಥೆ ಕೇಳಿದವರು ನಾವು ಹೆಂಗಸರು. ಒಬ್ಬಳು ಒಲೆಯ ಮುಂದೆ ಬೇಯುವಾಗ ಇನ್ನೊಬ್ಬಳ ಗಂಡ ದಿನವಿಡೀ ಜಗುಲಿಯಲ್ಲಿ ಪೇಪರು ಓದುತ್ತಿದ್ದ, ಅದನ್ನು ಯಾರೂ ಕೇಳಲಿಲ್ಲ. ಮನಸ್ಸು ಮುರಿದದ್ದು ಅಲ್ಲಿ. ಬರೆಯದ ಲೆಕ್ಕ ಅಳಿಸಿ ಹೋಗುವುದಿಲ್ಲ, ಮನಸ್ಸಿನಲ್ಲಿ ಬಡ್ಡಿಯ ಸಾಲದ ಹಾಗೆ ಬೆಳೆಯುತ್ತದೆ.

ಭಾವನ ಮಗನೇ ಮುಂದೆ ಬಂದ. ಪುಸ್ತಕದಲ್ಲಿ ಒಂದು ಪುಟ ತೆರೆದು ಬರೆಯತೊಡಗಿದ. ಹಲಸು ಇಳಿಸಿ, ಹೆಚ್ಚಿ, ಕಡೆಯುವ ಭಾರದ ಕೆಲಸ ಗಂಡಸರದ್ದಾಯಿತು. ಊಟದ ನಂತರ ಚಾಪೆ ಕಾಯುವುದು ರಜೆಗೆ ಬಂದ ಮಕ್ಕಳದ್ದು, ಕೆಂಚನೂ ಅವರ ಜೊತೆ. ದನದ ಉಣುಗು ನೋಡುವುದನ್ನು ಭಾವ ತಾವೇ ವಹಿಸಿಕೊಂಡರು. ಮೈಸೂರಿನಿಂದ ಬಂದ ಹುಡುಗ ಮೊದಲ ದಿನ ಮೊಬೈಲು ಹಿಡಿದೇ ಕೂತಿದ್ದವನು, ವಾರ ಕಳೆಯುವಷ್ಟರಲ್ಲಿ “ಚಿಕ್ಕಿ, ಇವತ್ತು ಎಷ್ಟು ಆತು?” ಎಂದು ತಾನೇ ಎಣಿಸಲು ಬರುತ್ತಿದ್ದ. ಹೆಚ್ಚಾದ ಹಪ್ಪಳ, ಮಿಡಿ ಮಾರಿದ ದುಡ್ಡು ಒತ್ತಿದವರ, ಕಲಸಿದವರ ಹೆಸರಿಗೇ ಹೋಯಿತು. ಅಕ್ಕ ಮೊದಲ ಸಲ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದಳು. ಮನೆ ಒಡೆದಿಲ್ಲ.

ಇಷ್ಟು ಕಷ್ಟಪಡುವ ಬದಲು ಅಂಗಡಿಯಿಂದ ತನ್ನಿ ಎನ್ನುವವರಿದ್ದಾರೆ. ತರಬಹುದು, ಹಳ್ಳಿಯ ಹೆಂಗಸರು ಮಾಡಿ ಮಾರುವುದನ್ನು ಸರಿಯಾದ ಬೆಲೆ ಕೊಟ್ಟು ತಂದರೆ ನನಗೆ ಸಂತೋಷವೇ. ಆದರೆ ಅಪ್ಪೆಮಿಡಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಭೌಗೋಳಿಕ ಸೂಚಿಕೆ ಸಿಕ್ಕ ಈ ಮಾವಿಗೆ ಬೆಲೆ ಏರಿದಂತೆ, ಹೊಳೆದಂಡೆಯ ಹಳೆಯ ಮರಗಳ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರು ಬಂದಿದ್ದಾರೆ. ಅಘನಾಶಿನಿಯ ದಂಡೆಯಲ್ಲಿ ಬೋಳಾಗಿ ನಿಂತ ಮರ ಕಂಡಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಸಿ ಕಟ್ಟಿದ ಗಿಡ ಸಿಗುತ್ತದೆ, ತೋಟದ ಅಂಚಿನಲ್ಲಿ ಒಂದಾದರೂ ನೆಡಿ. ಹಪ್ಪಳ ಒತ್ತುವವರ ಕೈಯೂ ಉಳಿಯಬೇಕು, ಮಿಡಿ ಕೊಡುವ ಮರವೂ ಉಳಿಯಬೇಕು.

ಹೆಣ್ಣು ಸಿಗುತ್ತಿಲ್ಲ ಎಂದು ಸಭೆ ಮಾಡುವ ಹಿರಿಯರಿಗೆ ನನ್ನ ಕೋರಿಕೆ ಇದು: ಹುಡುಗನ ತೋಟ ಎಷ್ಟು ಎಕರೆ ಎಂದು ಹೇಳುವಾಗ, ಆ ಮನೆಯಲ್ಲಿ ಬೇಸಿಗೆಯ ಕೆಲಸ ಹೇಗೆ ಹಂಚಿಕೆಯಾಗಿದೆ, ಹಪ್ಪಳದ ದುಡ್ಡು ಯಾರ ಕೈ ಸೇರುತ್ತದೆ ಎಂಬುದನ್ನೂ ಹೇಳಿ. ಹುಡುಗಿಯ ಕಡೆಯವರು ಕೇಳಲು ಸಂಕೋಚಪಟ್ಟರೂ ನೀವಾಗಿ ಹೇಳಿ. ಮತ್ತೆ ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳಿಗೆ: ಮೇ ಕೊನೆಯಲ್ಲಿ ಬಂದು ಡಬ್ಬಿ ತುಂಬಿಸಿಕೊಂಡು ಹೋಗುವ ರೂಢಿ ಬಿಡಿ. ಏಪ್ರಿಲ್‌ನಲ್ಲೇ, ಹಲಸು ಬಲಿಯುವ ಹೊತ್ತಿಗೆ, ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಬನ್ನಿ. ಹಪ್ಪಳದ ಮಣೆ ನಮ್ಮ ಮನೆಯಲ್ಲಿ ಎರಡಿವೆ, ಮೂರನೆಯದನ್ನು ಈ ವರ್ಷ ತರಿಸುತ್ತಿದ್ದೇವೆ.